ಡಿಸೆಂಬರ್ ಟ್ರ್ಯಾಕ್ಟರುಗಳು

ನವೆಂಬರ್ 9

ನಾಲ್ಕೂವರೆಗೇ ಎಚ್ಚರ. ಬೂಟು ಹಾಕಿಕೊಂಡ ಮೇಲೆ ನೆನಪಾಯಿತು, ಹಸುಗಳು ಈಗ ನಮ್ಮವಲ್ಲ. ಹಸು, ಟ್ರ್ಯಾಕ್ಟರು, ಹಾಲು ಕರೆಯುವ ಮಶೀನು — ನಿನ್ನೆಯಿಂದ ಎಲ್ಲ ಪಕ್ಕದ ಹೊಲದ ಡಾರಿನ್‌ನದು. ಕೊಟ್ಟಿಗೆಯೂ ಅವನಿಗೇ ಬಾಡಿಗೆಗೆ. ಅವನಿಗೆ ಬ್ಯಾಂಕು ಸಾಲ ಕೊಡಲಿಲ್ಲ. ನನ್ನ ಗಂಡ ಹತ್ತು ವರ್ಷದ ಕಂತಿಗೆ ಕೊಟ್ಟುಬಿಟ್ಟ. ಆರ್ವಿಡ್ ಜಿಪುಣ ಎನ್ನುವವರು ನೋಡಬೇಕಿತ್ತು.

ಮೊದಲ ಕಂತು ಪೇಟೆಯ ಪುಟ್ಟ ಮನೆಗೆ. ಒಂದೂ ಮೆಟ್ಟಿಲಿಲ್ಲ. ಇನ್ನು ಬಗ್ಗಿ ಹಾಲು ಕರೆದರೆ ಆರ್ವಿಡ್‌ನ ಮಂಡಿ ಹೋದ ಹಾಗೇ ಎಂದಿದ್ದಾರೆ ಡಾಕ್ಟರು.

ಡಿಸೆಂಬರ್ 28

ವರ್ಷದ ಕೊನೆಗೆ ಹೊಸ ಮಶೀನು ಕೊಳ್ಳುವುದು, ಬೆಲೆಯನ್ನೆಲ್ಲ ಆ ವರ್ಷವೇ ಸವಕಳಿ ಖರ್ಚು ಎಂದು ತೋರಿಸಿ ತೆರಿಗೆ ಉಳಿಸುವುದು — ಇಲ್ಲಿನ ಗಂಡಸರಿಗೆ ಅದೇ ಹಬ್ಬ. ಈ ಸಲ ಆರ್ವಿಡ್ ಟ್ರ್ಯಾಕ್ಟರ್ ಅಂಗಡಿಯಲ್ಲಿ ಬರೀ ಕಾಫಿ ಕುಡಿದು ಬಂದ. ಸರ್ಕಾರಕ್ಕೆ ಒಂದು ಕಾಸೂ ಕಟ್ಟಿದವನಲ್ಲ ಎಂದು ಜಂಭ ಕೊಚ್ಚಿದನಂತೆ.

ಫೆಬ್ರವರಿ 20, ಮಧ್ಯಾಹ್ನ

ತೆರಿಗೆ ಲೆಕ್ಕ ನೋಡುವ ನಾಡೀನ್ ಹತ್ತಿರ ಹೋಗಿದ್ದೆವು. ಸವಕಳಿ ತೋರಿಸಿ ತೋರಿಸಿ ಮಶೀನುಗಳ, ಕೊಂಡ ಹಸುಗಳ ಬೆಲೆ ಲೆಕ್ಕದಲ್ಲಿ ಸೊನ್ನೆಯಾಗಿದೆಯಂತೆ. ಈಗ ಮಾರಿದ್ದೆಲ್ಲ ಆದಾಯ. ಕಂತು ಬಂದ ಹಾಗೆ ತೆರಿಗೆ ಕಟ್ಟುತ್ತೇನೆ ಎಂದ ಆರ್ವಿಡ್.

"ಹಂಗಾಗಲ್ಲ. ದುಡ್ಡು ಹತ್ತು ವರ್ಷಕ್ಕೆ ಬಂದ್ರೂ ಸವಕಳಿ ತೋರಿಸಿದ್ದರ ತೆರಿಗೆ ಪೂರ್ತಿ ಈಗಲೇ. ಮಾರೋ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತಾ?"

ಮೊದಲ ಕಂತು ಇಡಿಯಾಗಿ ಸುರಿದರೂ ಸಾಲದು! ನಾನು ಬಾಟಲಿ ಹಾಲು ಕುಡಿಸಿ ಬೆಳೆಸಿದ ಕರುಗಳಿಗೆ ಮಾತ್ರ ಈ ಕಾಟವಿಲ್ಲ. ಸಾಕಿ ಏನು ಸುಖ, ಕೊಂಡರೆ ಸವಕಳಿ ಸಿಗುತ್ತೆ ಎಂದು ವರ್ಷಗಟ್ಟಲೆ ಗೇಲಿ ಮಾಡಿದವನು ನೆಲ ನೋಡುತ್ತಾ ಕುಳಿತಿದ್ದ.

ಫೆಬ್ರವರಿ 24

ಪೇಟೆ ಮನೆ ಕೈಬಿಟ್ಟೆವು. ಅತ್ತುಬಿಟ್ಟೆ. ಡಾರಿನ್ ಹತ್ತಿರ ಇನ್ನಷ್ಟು ದುಡ್ಡು ಕೇಳೋಣ ಎಂದೆ.

"ಮಾತು ಕೊಟ್ಟಿದೀನಿ ಮಾರ್ಲಿಸ್. ಪಾಪ, ಅವನತ್ರ ಎಲ್ಲಿದೆ?"

ಸಂಜೆ ಡಾರಿನ್ ತಾನೇ ಬಂದ. ಕೆಲಸದಾಳು ಬಿಟ್ಟುಹೋಗಿದ್ದಾನಂತೆ. ತಲೆ ಕೆರೆದುಕೊಳ್ಳುತ್ತಾ, ಯಾರಾದರೂ ಸಿಗುತ್ತಾರಾ ಎಂದು ಕೇಳಿದ. ಆರ್ವಿಡ್ ನನ್ನ ಮುಖ ನೋಡಲಿಲ್ಲ.

ಮಾರ್ಚ್ 1

ತೆರಿಗೆ ಕಟ್ಟಿ ಆಯಿತು. ಕಂತು ಪೂರ್ತಿ ಹೋಯಿತು, ಮೇಲೆ ಬ್ಯಾಂಕ್ ಸಾಲ.

ಮಾರ್ಚ್ 2, ಬೆಳಿಗ್ಗೆ ನಾಲ್ಕೂವರೆ

ಹಾಸಿಗೆಯ ಆ ಕಡೆ ಖಾಲಿ. ಕಿಟಕಿಯಿಂದ ಕಂಡ — ಹಿಮದಲ್ಲಿ ಕಾಲೆಳೆಯುತ್ತಾ, ನಮ್ಮದೇ ಕೊಟ್ಟಿಗೆಗೆ, ಡಾರಿನ್‌ನ ಕೂಲಿಯಾಳಾಗಿ. ಅಯ್ಯೋ ದೇವರೇ... ಯಾವ ಮಂಡಿಗೋಸ್ಕರ ಎಲ್ಲ ಮಾರಿದೆವೋ ಅದೇ ಮಂಡಿ ಊರಿ ಕರೆಯಬೇಕಲ್ಲ ಇವನು. ನನ್ನ ಬೂಟು ಎಲ್ಲಿಟ್ಟೆ? ಅಷ್ಟು ಹಸು ಅವನೊಬ್ಬನೇ—