ಬೆಂಡು ಕಿತ್ತ ಬೂಟು

ನನ್ನ ಪುಟ್ಟ ದೊರೆಸಾನಿಗೆ,

ಅರಮನೆಯಲ್ಲಾದರೆ ನಿನ್ನನ್ನು ‘ತಾವು’ ಅನ್ನಬೇಕಿತ್ತು. ನನ್ನ ಬೂಟಿನ ಅಂಗಡಿಯಲ್ಲಿ ನೀನು ಕೊನೆಯವರೆಗೂ ಏಳು ವರ್ಷದ ಪುಟ್ಟಿಯೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ ಇದು, ಸೊಟ್ಟಗಿದ್ದರೆ ಸಹಿಸಿಕೊ.

ನೀನು ಹೋಗಿ ವರ್ಷವಾಯಿತು. ಅರಮನೆಯ ಗೇಟಿನ ಮುಂದೆ ಜನ ಇನ್ನೂ ಹೂವಿಟ್ಟು ಅಳುತ್ತಾರೆ. ನಾನು ಇಟ್ಟಿಲ್ಲ. ನಿನ್ನ ಮೇಲೆ ಅಷ್ಟು ಸಿಟ್ಟಿತ್ತು.

ಹೋದ ವಾರ ವಸ್ತುಸಂಗ್ರಹಾಲಯದ ಹೆಂಗಸೊಬ್ಬಳು ಪೆಟ್ಟಿಗೆ ಹಿಡಿದು ಬಂದಳು. ಒಳಗೆ ನಿನ್ನ ಕಂದು ಬೂಟು, ನಾನೇ ಹೊಲಿದದ್ದು. "ಪ್ರದರ್ಶನಕ್ಕಿಡಬೇಕು ಯಜಮಾನರೇ. ಎಡಗಾಲಿಂದು ಒಳಗೆಲ್ಲ ಕಿತ್ತುಹೋಗಿದೆ, ಹೊಸದರ ಥರ ಮಾಡಿಕೊಡಿ" ಅಂದಳು. ಕೈ ತೂರಿಸಿ ನೋಡಿದೆ. ಎತ್ತರ ಸರಿದೂಗಿಸಲು ಹಿಮ್ಮಡಿಯ ಕೆಳಗೆ ನಾನಿಟ್ಟಿದ್ದ ಬೆಂಡು ಇರಲಿಲ್ಲ. ಬರೀ ಚೂರಿಯ ಗೀರು.

ನಿನ್ನ ಎಡಗಾಲು ಬೆರಳಗಲ ಗಿಡ್ಡವೆಂದು ಗೊತ್ತಿದ್ದದ್ದು ನಿನ್ನ ಅಪ್ಪ ಅಮ್ಮನಿಗೆ, ನಿನಗೆ, ನನಗೆ. ಮೊದಲ ಸಲ ನಾನು ಅಳತೆ ತೆಗೆದಾಗ ನೀನು, "ಮಾಮ, ಯಾರಿಗೂ ಹೇಳಬಾರದು, ಆಣೆ ಮಾಡಿ" ಅಂದಿದ್ದೆ. ಹೆಂಡತಿಗೂ ಹೇಳಲಿಲ್ಲ, ಅವಳಿಗೆ ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಮೂವತ್ತು ವರ್ಷ ಹೊರಗೆ ಕಾಣದ ಹಾಗೆ ಬೆಂಡು ಕೂರಿಸಿದೆ. ನೀನು ಮೆಟ್ಟಿಲಿಳಿಯುವಾಗ ಜನ "ನಡಿಗೆ ಅಂದರೆ ಇದಪ್ಪಾ!" ಎಂದರೆ ಮೀಸೆ ತಿರುವಿದವನು ನಾನು.

ಆಮೇಲೆ ಒಂದು ದಿನ ನೀನು ಬಂದು, "ಮಾಮ, ಇನ್ಮೇಲೆ ಬೆಂಡು ಬೇಡ. ಆಸ್ಪತ್ರೆಯಲ್ಲಿ ಕಾಲು ಸರಿಯಿಲ್ಲದ ಹುಡುಗಿಯೊಬ್ಬಳು ಕೇಳಿದಳು, ನಿಮ್ಮ ಹಾಗೆ ನಡೆಯೋಕೆ ನನಗೆ ಯಾವಾಗ ಬರುತ್ತೆ ಅಂತ. ನಾನೇ ಹಾಗೆ ನಡೆಯಲ್ಲ ಅಂತ ಹೇಗೆ ಹೇಳ್ಲಿ?" ಅಂದೆ.

ನನಗೆ ಪಿತ್ತ ನೆತ್ತಿಗೇರಿತು. "ನನ್ನ ಮೂವತ್ತು ವರ್ಷದ ಕೆಲಸಕ್ಕೆ ಮಸಿ ಬಳಿಯೋಕೆ ಬಂದ್ಯಾ? ಕುಂಟಿಕೊಂಡೇ ಹೋಗ್ತೀನಿ ಅಂದ್ರೆ ಬೇರೆ ಅಂಗಡಿ ನೋಡ್ಕೋ!" ಎಂದು ಕೂಗಾಡಿದೆ. ನೀನು ನಕ್ಕೆ. "ಸಿಡುಕು ಮಾಮ" ಎಂದು, ಹೊಲಿದಿಟ್ಟಿದ್ದ ಕಂದು ಬೂಟು ತೆಗೆದುಕೊಂಡು ಹೋದೆ.

ಮರುವಾರ ನೀನು ಕುಂಟುತ್ತಾ ಆ ವಾರ್ಡಿನೊಳಗೆ ನಡೆದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಜನ ನಿನ್ನನ್ನು ಇನ್ನಷ್ಟು ಹಚ್ಚಿಕೊಂಡರು. ನಾನು ಟೀವಿ ಆರಿಸಿದೆ. ಬೇರೆ ಯಾರ ಕೈಲೋ ಬೆಂಡಿಲ್ಲದ ಬೂಟು ಹೊಲಿಸಿಕೊಂಡಳು ಎಂದು ಹೊಟ್ಟೆ ಉರಿಯಿತು. ನೀನು ಎರಡು ಸಲ ಹೇಳಿಕಳಿಸಿದರೂ ನಾನು ಬರಲಿಲ್ಲ. ಅಷ್ಟರಲ್ಲಿ ಆ ಹಾಳು ಜ್ವರ ನಿನ್ನನ್ನು ಕೊಂಡೊಯ್ದಿತು.

ಈ ಬೂಟಿನೊಳಗೆ ಕೈ ತೂರಿಸಿದಾಗಲೇ ಗೊತ್ತಾದದ್ದು, ನೀನು ಯಾರ ಹತ್ತಿರವೂ ಹೋಗಿರಲಿಲ್ಲ. ನಾನು ಹೊಲಿದದ್ದನ್ನೇ ತೊಡೆಯ ಮೇಲಿಟ್ಟುಕೊಂಡು, ಹಣ್ಣು ಹೆಚ್ಚುವ ಚೂರಿಯಲ್ಲೋ ಏನೋ, ಬೆಂಡು ಕಿತ್ತಿದ್ದೀಯ. ಎಂಥ ಗಲೀಜು ಕೆಲಸ ತಾಯಿ! ಎರಡು ಕಡೆ ಹೊಲಿಗೆಯೂ ಹರಿದಿದೆ. ನಾನು ಮಾಡಿದ್ದರೆ ಒಂದು ಗೀರೂ ಬೀಳುತ್ತಿರಲಿಲ್ಲ. ನಾನೇ ಮಾಡಿಕೊಡಬೇಕಿತ್ತು.

ಇವತ್ತು ವಸ್ತುಸಂಗ್ರಹಾಲಯದ ಆ ಹೆಂಗಸು ಮತ್ತೆ ಬಂದಳು. ಹೊರಗೆ ಪಾಲಿಷ್ ಹಾಕಿದ್ದೆ, ಒಳಗೆ ಮುಟ್ಟಿರಲಿಲ್ಲ. "ಇದೇನು, ಹಾಗೇ ಬಿಟ್ಟಿದ್ದೀರಲ್ಲ?" ಅಂದಳು. "ಅದು ಅವಳ ಕೈಕೆಲಸ. ಒಳಗಿನದು ಜನಕ್ಕೆ ಕಾಣೋ ಹಾಗಿಡಿ. ಯಾರಾದರೂ ರಿಪೇರಿ ಗಿಪೇರಿ ಅಂದರೆ ಅಲ್ಲಿಗೇ ಬಂದು ಜಗಳ ತೆಗೀತೀನಿ" ಅಂದೆ.

ಸಂಜೆ ಗೇಟಿನ ಹತ್ತಿರ ಹೋಗಿ ಹೂವಿಟ್ಟು ಬಂದೆ.

ನೀನು ಹೋದ ಕಡೆ ಬರಿಗಾಲಲ್ಲೇ ನಡೆ ಪುಟ್ಟಿ. ನಿನ್ನ ಕಾಲಿನ ಅಳತೆ ತೆಗೆಯುವವರು ಯಾರೂ ಸಿಗದಿರಲಿ.

ಇತಿ,
ನಿನ್ನ ಸಿಡುಕು ಮಾಮ