ಏಳನೇ ನಂಬರ್ ಬಸ್ಸಿಗೆ ಎತ್ತಿದ ಕೈಗಳು

ಶುಕ್ರವಾರ, ಮಾರ್ಚ್ ೧೪
ಡಿಪೋದ ಊಟದ ಕೋಣೆಯಿಂದ

ನನ್ನ ಮುದ್ದಿನ ಜಗಳಗಂಟಿ ಅಕ್ಕನಿಗೆ,

ಮೊದಲು ಸುದ್ದಿ, ಆಮೇಲೆ ಕುಶಲ. ಬಸ್ಸು ಉಳಿಯಿತು ಕಣೇ! ನಮ್ಮ ಬಡಾವಣೆಗೆ ಇರುವ ಒಂದೇ ಒಂದು ಬಸ್ಸು, ಇಪ್ಪತ್ತೆರಡು ವರ್ಷದಿಂದ ನಾನು ಓಡಿಸುತ್ತಿರುವ ಏಳನೇ ನಂಬರು, ಉಳಿಯಿತು! ಬೆಳಿಗ್ಗೆ ಮ್ಯಾನೇಜರು ಕಾಗದ ಕೈಗಿಟ್ಟಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರನ್ನೇ ತಬ್ಬಿಕೊಂಡುಬಿಟ್ಟೆ. ಪಾಪ, ಕನ್ನಡಕ ವಾರೆಯಾಗಿ ಒಂದು ಕಿವಿಗೆ ನೇತಾಡುತ್ತಿತ್ತು.

ಫೋನಿನಲ್ಲಿ ನಿನಗೆ ಅರ್ಧ ಮಾತ್ರ ಹೇಳಿದ್ದೆ. ಜನ ಹತ್ತುವುದಿಲ್ಲ, ಈ ಮಾರ್ಗ ನಿಲ್ಲಿಸುತ್ತೇವೆ ಎಂದು ಮೇಲಿನ ಕಚೇರಿ ಪಟ್ಟು ಹಿಡಿದಿತ್ತು. ಕಳೆದ ವಾರ ಗುರುವಾರ ಒಬ್ಬ ಅಧಿಕಾರಿ ಬೆಳಗಿನಿಂದ ಸಂಜೆಯ ತನಕ ಬಸ್ಸಿನಲ್ಲೇ ಕೂತು ಹತ್ತಿದವರ ತಲೆ ಎಣಿಸುವುದು, ಮುನ್ನೂರು ದಾಟದಿದ್ದರೆ ತಿಂಗಳ ಕೊನೆಗೆ ಬಸ್ಸಿಗೆ ವಿದಾಯ. ನನಗೆ ಕಚೇರಿಯಲ್ಲಿ ಟಿಕೆಟ್ ರೋಲು ಜೋಡಿಸುವ ಮೇಜಂತೆ! ನಾನು ಮೇಜಿನ ಹಿಂದೆ ಕೂತಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ಶಾಲೆಯಲ್ಲೇ ಕೂರಲಿಲ್ಲ.

ಕಚೇರಿಯವರನ್ನು ಬೈದೂ ಪ್ರಯೋಜನವಿರಲಿಲ್ಲ. ನೀನು 'ಇದಿನ್ನು ನಮ್ಮ ಜಾಗ ಅಲ್ಲ' ಎಂದು ಮನೆ ಮಾರಿ ಹೊರಟಮೇಲೆ ನಿನ್ನ ಬೀದಿಯ ಹಳಬರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಆಚೆ ಬೀದಿಯ ಮೇಷ್ಟ್ರೊಬ್ಬರು ಉಳಿದಿದ್ದಾರೆ, ಅದೂ ಜಗಳಕ್ಕೆ ಬೇರೆ ಜಾಗ ಸಿಗದೆ. ಹಳಬರ ಮನೆಗಳಿಗೆಲ್ಲ ಹೊರದೇಶದವರು ಬಂದರು, ಪ್ಯಾಕಿಂಗ್ ಕಾರ್ಖಾನೆಯ ಕೆಲಸಕ್ಕೆ. ಬೀದಿ ತುಂಬ ಜನ, ಬಸ್ಸು ಮಾತ್ರ ಭಣಭಣ. ನಿನ್ನ ಸ್ಟಾಪಿನಲ್ಲಿ ಕಂಬದ ಹಾಗೆ ನಿಂತು ನನ್ನ ಮುಖ ನೋಡುತ್ತಿದ್ದರು. ಕೈ ಎತ್ತಿದರೆ ನಿಲ್ಲಿಸು, ಇಲ್ಲದಿದ್ದರೆ ಹೋಗು ಎನ್ನುವುದು ನಮ್ಮ ಮಾರ್ಗದ ರೂಢಿ. ನಾನು ಹೋಗುತ್ತಿದ್ದೆ. ಒಂದು ಕೈ ಎತ್ತುವುದಕ್ಕೂ ಇವರಿಗೆ ಜಂಬ ಎಂದುಕೊಳ್ಳುತ್ತಿದ್ದೆ. ನನ್ನ ತಪ್ಪೇನಿದೆ ಹೇಳು?

ಎಣಿಕೆಗೆ ನಾಲ್ಕು ದಿನ ಇರುವಾಗ, ಭಾನುವಾರ, ನಿನ್ನ ಹೆಸರಿಗೆ ಬಂದ ಟಪಾಲು ತರಲು ನಿನ್ನ ಹಳೆಯ ಮನೆಗೆ ಹೋದೆ. ಈಗ ಅಲ್ಲಿ ಒಬ್ಬ ದರ್ಜಿ ಇದ್ದಾಳೆ, ಗಂಡ ಮತ್ತು ಗಂಡನ ತಂಗಿಯರ ಸಂಸಾರ ಸೇರಿ ಒಂಬತ್ತು ಜನ. ನೀನು ಯಾರನ್ನೂ ಕಾಲಿಡಲು ಬಿಡದ ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ, ನೆಲದ ತುಂಬ ಬಟ್ಟೆಯ ಚೂರು. ಹೊಟ್ಟೆ ಉರಿದುಕೊಳ್ಳಬೇಡ, ಕಿಟಕಿ ಗಾಜು ನಿನಗಿಂತ ಚೆನ್ನಾಗಿ ಒರೆಸಿದ್ದಾಳೆ.

ಟಪಾಲು ಕೊಟ್ಟವಳು ನನ್ನ ಸಮವಸ್ತ್ರದ ಬಿಲ್ಲೆ ನೋಡಿ, ತಡೆದು ತಡೆದು ಕೇಳಿದಳು: ಆ ಬಸ್ಸು ಹಳಬ್ರಿಗೆ ಮಾತ್ರನಾ ಅಮ್ಮ, ನಮ್ಮನ್ನ ಹತ್ತಿಸ್ಕೊಳ್ಳೋ ಹಾಗಿಲ್ವಾ ಅಂತ. ನನ್ನ ಕೋಪ ನಿನಗೆ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. ಕೈ ಎತ್ತಿದ್ರೆ ತಾನೇ ನಿಲ್ಸೋದು, ನಿಮ್ಮ ಮನಸ್ಸಲ್ಲಿರೋದು ನಂಗೇನ್ ಗೊತ್ತು ಅಂತ ರೇಗಿದೆ. ಅವಳು ಕಣ್ಣರಳಿಸಿದಳು. ಅಯ್ಯೋ, ನಮ್ಮ ದೇಶದಲ್ಲಿ ಅಂಗೈ ತೋರಿಸಿದ್ರೆ 'ನಂಗೆ ಬೇಡ, ನೀನು ಹೋಗು' ಅಂತ, ಬಸ್ಸು ಬೇಕಾದೋರು ಸುಮ್ನೆ ನಿಂತು ಡ್ರೈವರ್ ಮುಖ ನೋಡ್ತೀವಿ ಅಂದಳು!

ಎರಡು ವರ್ಷ ಅಕ್ಕಾ! ಅವರು ಮರ್ಯಾದೆಯಿಂದ ನನ್ನ ಮುಖ ನೋಡಿದ್ದು, ನಾನು ಜಂಬ ಅಂದುಕೊಂಡಿದ್ದು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಅವಳೂ ಸ್ವಲ್ಪ ನಕ್ಕಳು. ನಕ್ಕಮೇಲೆ ಗುರುವಾರದ ವಿಷಯ ಹೇಳಿದೆ. ನೋಡೋಣ ಬಿಡಿ ಅಂದಳು, ಅಷ್ಟೇ.

ಗುರುವಾರ ಬೆಳಗಿನ ಮೊದಲ ಸುತ್ತು. ಅಧಿಕಾರಿ ನನ್ನ ಹಿಂದಿನ ಸೀಟಿನಲ್ಲಿ, ಕೈಯಲ್ಲಿ ಟಿಕ್ ಟಿಕ್ ಎನ್ನುವ ಎಣಿಸುವ ಡಬ್ಬಿ. ಮೊದಲ ಸ್ಟಾಪಿನಲ್ಲಿ ಮೇಷ್ಟ್ರು. ಟಿಕ್. ಎರಡನೆಯದು ಖಾಲಿ, ಮೂರನೆಯದೂ ಖಾಲಿ. ಅಧಿಕಾರಿ ಆಕಳಿಸಿದ. ನನ್ನ ಬೆನ್ನು ಬೆವೆತು ಅಂಗಿ ಸೀಟಿಗೆ ಅಂಟಿತು. ನಿನ್ನ ಬೀದಿಯ ತಿರುವು ತಿರುಗಿಸುತ್ತೇನೆ, ಏನು ಹೇಳಲಿ! ಬೀದಿ ತುಂಬ ಕೈಗಳು! ಗಂಡಸರು, ಹೆಂಗಸರು, ಕಂಕುಳ ಕೂಸಿನ ಕೈಯನ್ನೂ ಹಿಡಿದೆತ್ತಿದ್ದಾರೆ. ಒಂದು ಕೈ ಸಾಲದೇನೋ ಎಂದು ಕೆಲವರು ಎರಡೂ ಎತ್ತಿದ್ದಾರೆ, ಊಟದ ಡಬ್ಬಿ ಸಮೇತ. ಹತ್ತಿ ಕೂತಮೇಲೂ ಕೈ ಇಳಿಸಲೊಲ್ಲರು! ಸಾಕು, ಇಳಿಸ್ರಪ್ಪಾ, ನಿಂತಾಯ್ತು ಬಸ್ಸು ಅಂತ ನಾನೇ ಕೂಗಬೇಕಾಯಿತು. ನಕ್ಕೆನೋ ಅತ್ತೆನೋ ಗೊತ್ತಿಲ್ಲ, ರಸ್ತೆ ಮಸುಕಾಗಿ ವೈಪರ್ ಹಾಕಿದೆ. ಹೊರಗೆ ಒಳ್ಳೆ ಬಿಸಿಲು.

ಅಧಿಕಾರಿಗೆ ಟಿಕ್ ಟಿಕ್ ಒತ್ತಿ ಒತ್ತಿ ಹೆಬ್ಬೆರಳು ನೋವು ಬಂತು. ಖಾಲಿ ಬಸ್ಸು ಎಂದು ವರ್ಷಗಟ್ಟಲೆ ಗೊಣಗಿದ ಮೇಷ್ಟ್ರು ಈಗ ಕಾಲಿಡೋಕೆ ಜಾಗ ಇಲ್ಲ ಅಂತ ಗೊಣಗಿದರು, ಗೊಣಗುತ್ತಲೇ ಒಬ್ಬ ಬಸುರಿಗೆ ತಮ್ಮ ಸೀಟು ಬಿಟ್ಟರು. ಸಂಜೆಗೆ ನಾನೂರ ಹನ್ನೊಂದು! ಇವತ್ತಿನ ಕಾಗದದ ಪ್ರಕಾರ ಬಸ್ಸೂ ಉಂಟು, ಜೊತೆಗೆ ಇನ್ನೆರಡು ಸುತ್ತು ಹೆಚ್ಚು. ನನ್ನ ಸ್ಟೇರಿಂಗು ನನಗೇ.

ಮುನಿಸು ಸಾಕು, ಒಂದು ದಿನ ಬಾ. ನಮ್ಮ ಜಾಗ ಅಲ್ಲ ಅಂದೆಯಲ್ಲ, ಬಂದು ನೋಡಿ ಆಮೇಲೆ ಬೈಯಿ. ಗಂಟೆಯಾಯಿತು, ಎರಡನೇ ಸುತ್ತಿಗೆ ಹೊರಟೆ.

ನಿನ್ನ ಬಾಯಿಬಡುಕಿ ತಂಗಿ

ಮತ್ತೊಂದು ಮಾತು, ಸೋಮವಾರ ಸೇರಿಸಿದ್ದು: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ, ಹಾಗೇ ಅಂಚೆಗೆ ಹಾಕಲು ಮನಸ್ಸು ಬರುತ್ತಿಲ್ಲ. ಹೋದ ಚಳಿಗಾಲದಲ್ಲಿ ಆ ದರ್ಜಿ ತಲೆಯ ಮೇಲೆ ಬಟ್ಟೆಗಂಟು ಹೊತ್ತು ನನ್ನ ಬಸ್ಸಿನ ಹಿಂದೆ ಓಡಿದ್ದಳು. ಕನ್ನಡಿಯಲ್ಲಿ ನೋಡಿದೆ. ಅವಳಿಗೆ ಬಸ್ಸು ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಕೈ ಎತ್ತಬೇಕಿರಲಿಲ್ಲ. ನನ್ನ ಅಕ್ಕನ ಮನೆಯಲ್ಲಿ ಕೂತಿದ್ದೀಯಲ್ಲ, ನಡೆದೇ ಹೋಗು ಎಂದುಕೊಂಡು ಗೇರು ಬದಲಿಸಿದೆ. ಒಂದು ಸಲ ಅಲ್ಲ, ಮೂರು ಸಲ. ನಿನ್ನೆ ಹೋಗಿ ಅವಳಿಗೆ ಎಲ್ಲ ಹೇಳಿಕೊಂಡೆ. ಯಂತ್ರ ನಿಲ್ಲಿಸಲಿಲ್ಲ ಅವಳು. ಗೊತ್ತು, ಕನ್ನಡೀಲಿ ನಿಮ್ಮ ಕಣ್ಣು ನಂಗೂ ಕಾಣ್ತಿತ್ತು ಅಂದಳು. ಹಾಗಾದ್ರೆ ಮನೆಮನೆ ತಿರುಗಿ ಅಷ್ಟು ಜನರನ್ನ ಯಾಕಮ್ಮ ಕರ್ಕೊಂಡು ಬಂದೆ ಅಂತ ಕೇಳಿದೆ. ನಮಗೆ ಬೇಕಾಗಿದ್ದು ಬಸ್ಸು, ನೀವಲ್ಲ ಅಂದಳು. ಇವತ್ತು ಬೆಳಿಗ್ಗೆ ಬಸ್ಸು ಹತ್ತಿದಳು, ಟಿಕೆಟ್ ತೆಗೆದುಕೊಂಡು ಹಿಂದೆ ಹೋಗಿ ಕೂತಳು. ನಾನು ನಮಸ್ಕಾರ ಅಂದೆ, ಅವಳು ಇನ್ನೂ ಅಂದಿಲ್ಲ.