ಎಲೆ ಇದ್ದ ಜಾಗದಲ್ಲಿ ಹಕ್ಕಿ

ಸಂಡೂರು, ಫೆಬ್ರವರಿ ೩೧, ೨೨೧೪

ಗುಂಡಿ, ಪರದೆಗಳಿಗೆ ರೂಪ ಕೊಡುವ ಹಿಂದಿನ ಕಾಲದವರಿಗೆ,

ತಾರೀಖು ನೋಡಿ ನಗಬೇಡಿ. ಪಂಚಾಂಗ ತಿದ್ದಿದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ಇನ್ನೂರು ವರ್ಷಗಳಲ್ಲಿ ಭಾಷೆ ಬಹಳ ಸವೆದಿದೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅದೊಂದಕ್ಕೇ.

ನಾನು ಹಂಪಮ್ಮ. ಉಸಿರುಗೂಡು ರಿಪೇರಿ ನನ್ನ ಕಸುಬು. ಗಣಿಯ ಕೆಂಧೂಳು ಇಲ್ಲಿನ ಗಾಳಿಯನ್ನು ಬಿಟ್ಟು ಹೋಗಲೇ ಇಲ್ಲ, ಹಾಗಾಗಿ ಅಂಗೈಯಗಲದ ಈ ಪೆಟ್ಟಿಗೆಯನ್ನು ಎದೆಗೆ ಕಟ್ಟಿಕೊಳ್ಳದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಮದುಮಗಳ ಗೂಡಿಗೆ ಮಲ್ಲಿಗೆ ಸುತ್ತುತ್ತೇವೆ. ಬೀದಿಯಲ್ಲಿ ಬರುವವರು ಯಾರೆಂದು ಗೂಡಿನ ಗುಂಯ್‌ಗುಡುವಿಕೆಯಿಂದಲೇ ಹೇಳಬಲ್ಲೆವು. ನನ್ನ ಅಜ್ಜಿಯ ಗೂಡಿಗೆ ಇದ್ದದ್ದು ಒಂದೇ ಹಿತ್ತಾಳೆ ತಿರುಗುಣಿ. ಬಲಕ್ಕೆ ತಿರುಗಿಸಿದರೆ ಓಡುತ್ತಿತ್ತು, ಎಡಕ್ಕೆ ತಿರುಗಿಸಿದರೆ ನಿಲ್ಲುತ್ತಿತ್ತು. ಕುರುಡರೂ ಅದನ್ನು ನಡೆಸುತ್ತಿದ್ದರು.

ಆಮೇಲೆ ಪ್ರಾಣಸಖಿ ಎಂಬ ಕಂಪನಿ ತಿರುಗುಣಿ ಕಿತ್ತು ಗಾಜಿನ ಮುಖ ಅಂಟಿಸಿತು. ಅದರಲ್ಲಿ ಅರವತ್ತನಾಲ್ಕು ಚಿತ್ರ. ಹಾಡು, ಹವಾಮಾನ, ವಧುವರರ ಜಾತಕ, ಪಕ್ಕದ ಮನೆಯವರು ಇವತ್ತು ಎಷ್ಟು ಉಸಿರೆಳೆದರು ಎಂಬ ಪಟ್ಟಿ. ಗಾಳಿ ಬಿಡುವ ಎಲೆಯ ಚಿತ್ರ ಮೂರನೇ ಪುಟದಲ್ಲಿ. ವರ್ಷ ವರ್ಷವೂ ಹೊಸ ಆವೃತ್ತಿ ಕೊಳ್ಳಬೇಕಿತ್ತು. ಹೊಸ ಚಿತ್ರಗಳು ಎಲ್ಲರ ಗಾಜಿಗೂ ತಾವಾಗಿಯೇ ಬರುತ್ತಿದ್ದವು, ಆದರೆ ಕೊಳ್ಳದವರ ಗೂಡು ಅರ್ಧ ಗಂಟೆ ಓಡಿ ನಿಂತು, ಕೊಳ್ಳುತ್ತೀರಾ ಎಂದು ಕೇಳುತ್ತಿತ್ತು; ಎಲೆ ಒತ್ತಿದರಷ್ಟೇ ಮತ್ತೆ ಓಡುತ್ತಿತ್ತು.

ನನ್ನ ಗಂಡ ಹೊನ್ನೂರಸ್ವಾಮಿ ರೈಲಿಗೆ ಅದಿರು ತುಂಬಿಸುವವನು. ಆ ವರ್ಷ ಅವನ ಸಂಬಳ ನನ್ನ ಗೂಡಿನ ಹೊಸ ಆವೃತ್ತಿಗೆ ಹೋಯಿತು. ತನ್ನದನ್ನು ಯುಗಾದಿಗೆ ನೋಡೋಣ ಅಂದ. ಧೂಳೆದ್ದ ಒಂದು ಮಧ್ಯಾಹ್ನ, ಯಾರ್ಡಿನ ನಡುವೆ, ಅವನ ಗೂಡು ನಿಂತಿತು. ಜೊತೆಗಿದ್ದ ಗೆಳೆಯ ನಾಗೇಂದ್ರ ಅವನನ್ನು ಹೊತ್ತು ಓಡಿದ. ಆದರೆ ಆಸ್ಪತ್ರೆ ದೂರವಿತ್ತು. ನಾಗೇಂದ್ರ ಬಂದು ನನ್ನ ಮುಂದೆ ಕೂತ. ಅಂದ: "ಅಕ್ಕಾ, ಅವ ಒತ್ತಿದ್ದೇ ಒತ್ತಿದ್ದು. ಎಲೆ ಹುಡುಕ್ತಿದ್ದ. ಎಲೆ ತೆಗ್ದು ಅಲ್ಲಿ ಹಕ್ಕಿ ಇಟ್ಟಿದ್ರು, ನಮಗ್ಯಾರೂ ಹೇಳಿರ್ಲಿಲ್ಲ."

ಗೂಡು ನನ್ನ ಕೈಗೆ ಬಂದಾಗಲೂ ಗಾಜು ಬೆಳಗುತ್ತಿತ್ತು. ಹೊಸ ರೂಪ ನಿಮಗೆ ಇಷ್ಟವಾಯಿತೇ ಎಂದು ಕೇಳುತ್ತಿತ್ತು.

ಎಂಟು ತಿಂಗಳು ಕಳೆದ ಮೇಲೆ ಆ ಹಕ್ಕಿ ಬರೆದವನೇ ಊರಿಗೆ ಬಂದ. ನಿರಂಜನ ಬಿದರಹಳ್ಳಿ, ಕಂಪನಿಯ ರೂಪಕಾರರ ಮುಖ್ಯಸ್ಥ. ಮುಂದಿನ ಆವೃತ್ತಿಯ ಬಿಡುಗಡೆ ಸಮಾರಂಭ ಅಂದು. ದಾರಿಯ ಧೂಳಿಗೆ ಅವನ ಗೂಡಿನ ಜಾಲರಿ ಕಟ್ಟಿಕೊಂಡಿತ್ತು. ಅವಸರದಲ್ಲಿ ನನ್ನ ಅಂಗಡಿಗೆ ನುಗ್ಗಿ ಕೋಟು ಬಿಚ್ಚಿದ. ಎದೆಯ ಮೇಲೆ ಹಿತ್ತಾಳೆ ತಿರುಗುಣಿ ಇತ್ತು. ನನ್ನ ಕಣ್ಣು ಅಲ್ಲೇ ನಿಂತಿದ್ದನ್ನು ನೋಡಿ ನಕ್ಕ.

"ನಮ್ಮ ಆಫೀಸಲ್ಲಿ ಎಲ್ಲರದೂ ಇದೇ. ಹೊಸದರಲ್ಲಿ ಬೇಕಾದ್ದು ಬೇಗ ಸಿಗಲ್ಲ ನೋಡಿ."

ಅವನು ಹಿಂದಿನ ಬೆಂಚಿನಲ್ಲಿ ಕೂತು ಭಾಷಣದ ಹಾಳೆ ಓದಿಕೊಳ್ಳುತ್ತಿದ್ದ. ನಾನು ಜಾಲರಿ ತೊಳೆದೆ. ತಿರುಗುಣಿ ಬಿಚ್ಚಿ ಹೊನ್ನೂರನ ಗಾಜಿನ ಮುಖ ಕೂರಿಸಿದೆ. ಓಡುತ್ತಿದ್ದ ಗೂಡನ್ನು ನಾನೇ ಅವನ ಎದೆಗೆ ಕಟ್ಟಿ ಕೋಟಿನ ಗುಂಡಿ ಹಾಕಿದೆ.

ಅವನ ಭಾಷಣ ಅರ್ಧ ಗಂಟೆಗಿಂತ ಉದ್ದವಿತ್ತು. ಮಾತಿನ ನಡುವೆ ಕೆಮ್ಮಿದ, ಕೋಟು ಕಿತ್ತ, ಗಾಜು ನೋಡಿದ. ಒತ್ತಿದ, ಹಾಡು ಬಂತು. ಒತ್ತಿದ, ಜಾತಕ ಬಂತು. ನಾನು ವೇದಿಕೆಯ ಮೆಟ್ಟಿಲು ಹತ್ತಿ ಅವನೆದುರು ನಿಂತೆ. ಕೈ ಮುಗಿದ.

"ನೀನೇ ಬರ್ದಿದ್ದಲ್ಲ," ಅಂದೆ. "ಹುಡುಕು."

ಸಿಗಲಿಲ್ಲ. ತಾನು ಬರೆದ ಹಕ್ಕಿ ಅವನಿಗೇ ಸಿಗಲಿಲ್ಲ. ಮುಖ ನೀಲಿಯಾಗುವುದನ್ನು ಕಣ್ಣು ಮಿಟುಕಿಸದೆ ನೋಡಿದೆ. ಅಷ್ಟರಲ್ಲಿ ನಾಗೇಂದ್ರ ನನ್ನನ್ನು ತಳ್ಳಿ, ಬಾಗಿ, ಹಕ್ಕಿ ಒತ್ತಿದ. ಎಲ್ಲಿದೆಯೆಂದು ಅವನು ಮರೆತಿರಲಿಲ್ಲ. ನಿರಂಜನ ಬದುಕಿದ. ಅವನ ಒಂದು ಶ್ವಾಸಕೋಶ ಹೋಯಿತು.

ನಾನು ಆರು ವರ್ಷ ಜೈಲಿನಲ್ಲಿದ್ದೆ. ಆ ಹೊತ್ತಿಗೆ ಕಾನೂನು ಬಂತು: ಮಾರುವವನು ತಾನು ಮಾರುವುದನ್ನೇ ಎದೆಗೆ ಕಟ್ಟಿಕೊಳ್ಳಬೇಕು. ತಿಂಗಳೊಳಗೆ ಎಲ್ಲರ ಗೂಡಿಗೂ ತಿರುಗುಣಿ ವಾಪಸಾಯಿತು. ಜನ ನನ್ನನ್ನು ಹೊಗಳುತ್ತಾರೆ. ನಾನು ಮಾಡಿದ್ದು ಜನರಿಗಾಗಿ ಅಲ್ಲ. ನಾಗೇಂದ್ರ ಹಬ್ಬಕ್ಕೆ ಹೋಳಿಗೆ ತಂದು ಬಾಗಿಲಲ್ಲಿ ನಿಲ್ಲುತ್ತಾನೆ. ಆ ಹಕ್ಕಿ ಒತ್ತಿದ್ದಕ್ಕೆ ಅವನನ್ನು ನಾನಿನ್ನೂ ಒಳಗೆ ಕರೆದಿಲ್ಲ.

ಇವತ್ತು ನೀವು ಚೆನ್ನಾಗಿರುವ ಗುಂಡಿಯೊಂದನ್ನು ಸುಮ್ಮನೆ ಆಚೆಯಿಂದ ಈಚೆಗೆ ಸರಿಸುತ್ತಿದ್ದೀರಿ. ಸರಿಸಿ. ಆದರೆ ಒಂದು ಮಾತು ತಿಳಿದಿರಲಿ: ನಿಮ್ಮ ಮರಿಮಕ್ಕಳ ಮರಿಮಕ್ಕಳು ನಮ್ಮ ಬೀದಿಯಲ್ಲೇ ಉಸಿರಾಡುತ್ತಿದ್ದಾರೆ. ಅವರ ಗೂಡುಗಳೂ ಕೆಡುತ್ತವೆ, ರಿಪೇರಿಗೆ ಬರುತ್ತವೆ. ಕೊಡುವಾಗ ಅವರು ತಮ್ಮ ಮನೆತನದ ಹೆಸರು ಬರೆಸುತ್ತಾರೆ, ನಾನು ಓದಿಕೊಳ್ಳುತ್ತೇನೆ.

ಹಂಪಮ್ಮ